ಬಿಡುವ ಮೀನಿಗೆ ಯಾವ ಗಾಳ?

ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವನು ಎಂಥ ಗಾಳ ಬಳಸಬೇಕು? ಹುಕ್ಕೇರಿ ಕಡೆ ಈ ಪ್ರಶ್ನೆ ಹಾಕಿದರೆ ಜನ ಮೊದಲು ನಗುತ್ತಾರೆ. ‘ಬಿಡೋದಿದ್ರ ಹಿಡಿಯೋದ್ಯಾಕ್ರೀ?’ ಎಂದು ತಿರುಗಿ ಕೇಳುತ್ತಾರೆ. ಘಟಪ್ರಭೆಗೆ ಕಟ್ಟಿದ ಹಿಡ್ಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ಅದರ ದಂಡೆಯಲ್ಲಿ ಗಾಳ ಹಾಕಿ ಕೂತವನಿಗೆ ಬೇಕಾಗಿರುವುದು ರಾತ್ರಿಯ ಸಾರಿಗೊಂದು ಮೀನು. ಆ ನಗೆಯನ್ನು ತಿಳಿಗೇಡಿತನವೆಂದು ತಳ್ಳಿಹಾಕುವಂತಿಲ್ಲ. ತಕ್ಕ ಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಬಾರದು ಎನ್ನುತ್ತದೆ ಜರ್ಮನಿಯ ಕಾನೂನು. ಬರೀ ಮೋಜು ಅಂಥ ಕಾರಣವಲ್ಲ ಎಂಬುದು ಅಲ್ಲಿ ರೂಢಿಗೆ ಬಂದ ಅರ್ಥ. ಸ್ವಿಟ್ಜರ್ಲೆಂಡ್‌ ದೇಶವಂತೂ 2008ರ ನಿಯಮಗಳಲ್ಲಿ, ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದನ್ನು ನಿಷೇಧಿಸಿತು. ನಮ್ಮ ದಂಡೆಯ ಮಾತು ಅಲ್ಲಿ ಕಾನೂನಾಗಿದೆ.

ಆದರೆ ತಿನ್ನಲು ಹಿಡಿಯುವವನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಅವನ ಗಾಳಕ್ಕೂ ಅಂಗೈಯಷ್ಟಿಲ್ಲದ ಕಟ್ಲಾ ಮರಿ, ರೋಹು ಮರಿ ಬೀಳುತ್ತವೆ. ಮಳೆಗಾಲದ ಹೊಸನೀರಿಗೆ ಮೇಲೇರುವ, ಹೊಟ್ಟೆ ತುಂಬ ಮೊಟ್ಟೆಯಿರುವ ಮೀನೂ ಬೀಳುತ್ತದೆ. ಇವನ್ನು ಬಿಡಬೇಕೆಂದು ಅವನಿಗೂ ಗೊತ್ತು. ಎಷ್ಟೋ ಸಲ ಬಿಡುತ್ತಾನೆ ಕೂಡ. ಬಿಟ್ಟ ಮೀನು ಬದುಕುತ್ತದೆಯೇ ಎಂಬುದು ಮಾತ್ರ ಆ ಹೊತ್ತಿನ ಕರುಣೆಯ ಕೈಯಲ್ಲಿಲ್ಲ. ಅದರ ಬಹುಪಾಲು ಅಂಗಡಿಯಲ್ಲಿ ಗಾಳ ಕೊಂಡಾಗಲೇ ತೀರ್ಮಾನವಾಗಿರುತ್ತದೆ.

ಹೇಗೆಂದರೆ, ಸಾಮಾನ್ಯ ಗಾಳದ ಮೊನೆ ನೇರ ಮೇಲಕ್ಕೆ ನೋಡುತ್ತದೆ. ಎರೆಹುಳುವಿನ ಜೊತೆ ಅದನ್ನು ಮೀನು ಪೂರ್ತಿ ನುಂಗಿತೆಂದರೆ ಗಂಟಲಿಗೋ ಕಿವಿರಿಗೋ ಹೊಟ್ಟೆಗೋ ನಾಟುತ್ತದೆ. ತುಟಿಗೆ ಸಿಕ್ಕಿದ ಮೀನು ಬಿಟ್ಟರೆ ಸಾಮಾನ್ಯವಾಗಿ ಬದುಕುತ್ತದೆ, ಒಳಗೆ ನಾಟಿಸಿಕೊಂಡದ್ದು ಬಹಳ ಸಲ ಸಾಯುತ್ತದೆ. ಸರ್ಕಲ್ ಹುಕ್ ಎಂಬ ಗಾಳದ ಮೊನೆ ತನ್ನ ಕಾಲಿನ ಕಡೆಗೇ ಒಳಬಾಗಿರುತ್ತದೆ. ನುಂಗಿದ ಮೀನು ತಿರುಗಿ ಹೊರಟಾಗ ಅದು ಗಂಟಲಿನಿಂದ ಜಾರಿ ಬಂದು ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಪೆಸಿಫಿಕ್ ದ್ವೀಪಗಳ ಜನ ಎಲುಬು, ಚಿಪ್ಪುಗಳಲ್ಲಿ ಇಂಥ ಆಕಾರವನ್ನು ಹಿಂದೆಯೇ ಕಡೆದಿದ್ದರು. ಇದಕ್ಕೆ ಒಂದೇ ಶರತ್ತು: ಎಳೆತ ಬಿದ್ದ ಕೂಡಲೇ ಕೋಲನ್ನು ಜಗ್ಗಬಾರದು. ಜಗ್ಗುವ ಚಟವಿದ್ದವನ ಕೈಯಲ್ಲಿ ಸರ್ಕಲ್ ಹುಕ್ಕೂ ದಂಡ. ಎಲ್ಲ ಮೀನಿಗೂ ಇದು ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಸಣ್ಣ ಬಾಯಿಯ ಕೆಲವು ಜಾತಿಗಳಲ್ಲಿ ಕಣ್ಣಿಗೇ ಪೆಟ್ಟಾದ ವರದಿಗಳಿವೆ.

ಇನ್ನು ಮೊನೆಯ ಹಿಂದಿರುವ ಆ ಸಣ್ಣ ಮುಳ್ಳು. ಗಾಳ ಕಳಚದಂತೆ ತಡೆಯುವುದು ಅದೇ, ಬಿಡಿಸುವಾಗ ಮಾಂಸ ಹರಿಯುವುದೂ ಅದೇ. ಇಕ್ಕಳದಿಂದ ಒತ್ತಿದರೆ ಮಟ್ಟಸವಾಗುತ್ತದೆ, ಕಾಸಿನ ಖರ್ಚಿಲ್ಲ. ಮೂರು ಕವಲಿನ ಗಾಳ ಬಿಡುವ ಮೀನಿಗೆ ಹೇಳಿದ್ದೇ ಅಲ್ಲ. ಆಳಕ್ಕೆ ಹೋದ ಗಾಳವನ್ನು ಕೀಳುವ ಬದಲು ದಾರ ಕತ್ತರಿಸುವುದು ಮೇಲು. ಆಗ ಗಾಳ ಒಳಗೇ ಉಳಿಯುತ್ತದೆ; ಆದ್ದರಿಂದ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಗಾಳ ಬೇಡ.

ಮೀನಿಗೆ ನೋವಾಗುತ್ತದೆಯೇ ಎಂಬ ವಾದ ಇನ್ನೂ ನಡೆದೇ ಇದೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ಗಾಯವನ್ನು ಗ್ರಹಿಸುವ ನರತುದಿಗಳನ್ನು ತೋರಿಸಿಕೊಟ್ಟರು. ನಮ್ಮಂಥ ಮಿದುಳಿನ ಹೊರಪದರವಿಲ್ಲದ ಜೀವಿ ನೋವನ್ನು ಅನುಭವಿಸಲಾರದು ಎಂದು ಜೇಮ್ಸ್ ರೋಸ್ ಅವರಂಥವರು ವಾದಿಸಿದರು. ನನ್ನ ಮಟ್ಟಿಗೆ ಈ ಜಗಳ ಮುಗಿಯುವವರೆಗೆ ಕಾಯುವ ಅಗತ್ಯವೇ ಇಲ್ಲ. ಮುಳ್ಳು ಒತ್ತಲು ಅರೆಗಳಿಗೆ ಸಾಕು; ಸಂಶಯವಿದ್ದಾಗ ಅಷ್ಟನ್ನೂ ಮಾಡದಿರಲು ಸೋಮಾರಿತನ ಬಿಟ್ಟರೆ ಬೇರೆ ಕಾರಣ ಕಾಣುವುದಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಜೈನ ಮನೆತನಗಳು ಸಾಕಷ್ಟಿವೆ. ಗಾಳವನ್ನೇ ಮುಟ್ಟಬೇಡ ಎಂಬುದು ಅವರ ಉತ್ತರ, ಅದಕ್ಕೆ ಎದುರುತ್ತರ ಕೊಡುವುದು ಸುಲಭವಲ್ಲ. ಆದರೆ ಅವರ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದದ ಜೊತೆ, ಅಂದರೆ ಎಚ್ಚರಗೇಡಿತನದ ಜೊತೆ ಜೋಡಿಸಿ ಹೇಳುತ್ತದೆ. ಗಾಳ ಮುಟ್ಟಿಯೇ ತೀರುವವನಿಗೂ ಅದರಲ್ಲಿ ಪಾಠವಿದೆ. ಸಿಕ್ಕ ಗಾಳವನ್ನು ಸಿಕ್ಕಂತೆ ಬಳಸಿ ಕೊನೆಯಲ್ಲಿ ‘ಪಾಪ’ ಎನ್ನುವುದು ಎಚ್ಚರಗೇಡಿತನವೇ.

ಹಾಗೆಂದು ಒಳ್ಳೆಯ ಗಾಳ ಬಳಸಿದವನೆಲ್ಲ ನದಿಯ ರಕ್ಷಕನೇ? ಕಾವೇರಿಯ ಕತೆ ಇಲ್ಲಿ ಕಣ್ಣು ತೆರೆಸುತ್ತದೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದು, ತೂಗಿ, ಬರೆದಿಟ್ಟು ಬಿಡುವ ಪದ್ಧತಿ ವರ್ಷಗಟ್ಟಲೆ ನಡೆಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದಿದ್ದರೆಂದರೆ ಆ ಮೀನಿನ ಗಾತ್ರ ಊಹಿಸಿ. ಶಿಬಿರಗಳು ಡೈನಮೈಟ್ ಹಾಕುವವರನ್ನು ದೂರವಿಟ್ಟವು, ಸ್ಥಳೀಯರಿಗೆ ಕೆಲಸ ಕೊಟ್ಟವು. 2012ರಲ್ಲಿ ಆ ಶಿಬಿರಗಳಿದ್ದ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಆಮೇಲೆ ಸಂಶೋಧಕರು ಗಾಲಿಬೋರೆಯ 1998ರಿಂದ 2012ರವರೆಗಿನ ದಾಖಲೆ ತೆರೆದು ನೋಡಿದರೆ ಮೀನಿನ ಸಂಖ್ಯೆ ಏರಿತ್ತು! ಏರಿದ್ದು ಮಾತ್ರ ನೀಲಿ ರೆಕ್ಕೆಯ ಮಹಶೀರ್. ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ಮೂಲನಿವಾಸಿ ಕಾಣೆಯಾಗುತ್ತ ಬಂದಿತ್ತು. ನೀಲಿ ರೆಕ್ಕೆಯದು ಮರಿ ಸಾಕಿ ಕಾವೇರಿಗೆ ತಂದು ಬಿಟ್ಟ ಜಾತಿ. 1839ರಲ್ಲಿ ಸೈಕ್ಸ್ ಇದನ್ನು ಮೊದಲು ವರ್ಣಿಸಿದ್ದು ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ. ನಮ್ಮ ಘಟಪ್ರಭೆಯೂ ಸೇರಿರುವ ಕೃಷ್ಣಾ ಕೊಳ್ಳದ ಮೀನದು. ಕಾವೇರಿಯ ಬೆನ್ನುಬ್ಬಿದ ಮಹಶೀರ್‌ಗೆ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಗೂ ಸೇರಿತು.

ಒಂದೊಂದು ಮೀನನ್ನೂ ಜೋಪಾನವಾಗಿ ಬಿಟ್ಟವರ ಕಣ್ಣೆದುರೇ ಒಂದು ಕುಲ ಸವೆಯಿತು. ಗಾಳದ ಮೃದುತನ ಒಂದು ಬಾಯಿಗೆ ಉಪಕಾರ ಮಾಡೀತು, ಹೊಳೆಗಲ್ಲ. ಆದರೆ ಅವರು ತೂಕ ಬರೆದಿಡದಿದ್ದರೆ ಆ ಸವೆತ ಗೊತ್ತೇ ಆಗುತ್ತಿರಲಿಲ್ಲ ಎಂಬುದೂ ನಿಜ. ಹೀಗಾಗಿ ಹಿಡಿದು ಬಿಡುವವರನ್ನು ನಾನು ಪೂರ್ತಿ ಬಯ್ಯಲಾರೆ. ಮೀನಿನ ಗಾಯಕ್ಕೆ ಬದಲಾಗಿ ಹೊಳೆಗೆ ಏನಾದರೂ ಕೊಡುತ್ತಿದ್ದರೆ, ಅಂದರೆ ಕಾವಲೋ ಲೆಕ್ಕವೋ, ಅವರ ಪರವಾಗಿ ಹೇಳಲು ಮಾತಿದೆ. ಫೋಟೊ ತೆಗೆಸಿಕೊಂಡು ಬಿಡುವವನ ಪರವಾಗಿ ಏನೂ ಇಲ್ಲ. ಅವನಿಗಿಂತ ಹಿಡಿದು ತಿನ್ನುವವನೇ ಮೇಲು.

ಆ ತಿನ್ನುವವನಿಗೆ ನನ್ನ ಕೋರಿಕೆ ಇಷ್ಟೇ. ಬಿಡಬೇಕಾದ ಮೀನಿಗೆ ಎಲ್ಲಕ್ಕಿಂತ ಒಳ್ಳೆಯ ಗಾಳವೆಂದರೆ ಅದು ನುಂಗಲಾರದ ಗಾಳ. ಮರಿಯ ಬಾಯಿಗೆ ಹಿಡಿಸದಷ್ಟು ದೊಡ್ಡದನ್ನು ಕೊಳ್ಳಿ, ಮುಳ್ಳು ಒತ್ತಿ, ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಿ. ಹರಿದ ದಾರವನ್ನು ಮನೆಗೆ ಒಯ್ಯಿರಿ: ಕೆಳಗೆ ಧೂಪದಾಳದಲ್ಲಿ 1974ರಿಂದ ಪಕ್ಷಿಧಾಮವಿದೆ, ಹಕ್ಕಿಯ ಕಾಲಿಗೆ ಸುತ್ತಿಕೊಂಡ ದಾರವನ್ನು ಬಿಡಿಸುವವರು ಯಾರೂ ಇರುವುದಿಲ್ಲ.