ಏಳು ದಿನದ ಪಾಠ

2023ರ ಮಾರ್ಚ್ 14ರಿಂದ ಏಳು ದಿನ ಮಹಾರಾಷ್ಟ್ರದ ಸರ್ಕಾರಿ ನೌಕರರೊಂದಿಗೆ ಶಿಕ್ಷಕರೂ ಮುಷ್ಕರ ಹೂಡಿದ್ದರು. 2005ರ ನವೆಂಬರ್ 1ರ ನಂತರ ಸೇರಿದವರಿಗೂ ಹಳೆಯ ಪಿಂಚಣಿ ಬೇಕೆಂಬುದು ಬೇಡಿಕೆ. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯೂ ಆಗಲೇ ನಡೆದಿತ್ತು. ಪುಣೆಯ ನಮ್ಮ ಆಫೀಸಿನಲ್ಲಿ ಊಟಕ್ಕೆ ಕೂತವರೆಲ್ಲ ಮೇಷ್ಟರುಗಳನ್ನು ಬೈದರು, ನಾನೂ ದನಿಗೂಡಿಸಿದೆ. ಆಮೇಲೆ ನಾಚಿಕೆಯಾಯಿತು. ನಾನು ಎಂಟೆಕ್ ಓದಿದ್ದೇ ಮೇಷ್ಟರಾಗಿದ್ದ ಅಪ್ಪನ ಪಿಂಚಣಿಯಲ್ಲಿ.

ಸಂಘ ಸದಸ್ಯರಿಗಾಗಿ ಹೋರಾಡುವುದು ತಪ್ಪಲ್ಲ, ಅದಿರುವುದೇ ಅದಕ್ಕೆ. ಆದರೆ ಕಾರ್ಖಾನೆ ನಿಂತರೆ ಮಾಲೀಕನಿಗೆ ನಷ್ಟ; ಶಾಲೆ ನಿಂತರೆ ಸರ್ಕಾರಕ್ಕೇನು ನಷ್ಟ? ನಮ್ಮ ಮಕ್ಕಳಿಗಾದರೆ ಟ್ಯೂಷನ್ ಇದೆ. ಜಿಲ್ಲಾ ಪರಿಷತ್ ಶಾಲೆಯ ಹುಡುಗಿಗೆ ಇರುವುದು ಆ ಮೇಷ್ಟರು ಮಾತ್ರ. ತಪ್ಪಿದ ಪಾಠವನ್ನು ರಜೆಯಲ್ಲಿ ಮಾಡಿಕೊಡುತ್ತೇವೆಂದು ಮುಷ್ಕರದ ನೋಟಿಸಿನಲ್ಲೇ ಸಂಘ ಏಕೆ ಬರೆಯಬಾರದು?