ದೇಶ ಸುತ್ತಿ, ಕೋಶಕ್ಕೆ ಕೂತು

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಎರಡನ್ನೂ ಒಟ್ಟಿಗೆ ಮಾಡು ಎನ್ನಲಿಲ್ಲ. ಕೋಶ ತೆರೆಯಲು ಕಾಲು ಮಡಚಿ ಕೂರಬೇಕು.

*

ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಬಿಟ್ಟು ಬ್ಯಾಗು ಹೆಗಲಿಗೇರಿಸಿದಾಗ ಎಲ್ಲರೂ 'ಧೈರ್ಯವಂತ' ಅಂದರು. ಅದೇ ಬ್ಯಾಗು ಇಳಿಸಿ ಫ್ರಾನ್ಸಿನ ಒಂದೂರಲ್ಲಿ ಅಕ್ಷರ ತಿದ್ದಲು ಕೂತಾಗ ಕೇಳಿದ್ದು: 'ಯಾಕೆ, ದುಡ್ಡು ಮುಗೀತಾ?'

*

90 ದಿನದ ವೀಸಾದಲ್ಲಿ ಊರು ಕಾಣಿಸುತ್ತದೆ. ಊರವರ ಮಾತು ಕಿವಿಗೆ ಹತ್ತುವಷ್ಟರಲ್ಲಿ ವಿಮಾನದ ಹೊತ್ತಾಗಿರುತ್ತದೆ.

*

ಆ 90ನ್ನು ಫ್ರೆಂಚರು 'ನಾಲ್ಕಿಪ್ಪತ್ತು ಹತ್ತು' ಎನ್ನುತ್ತಾರೆ. ನಗು ಬಂದರೆ, ಇಪ್ಪತ್ತಿಪ್ಪತ್ತರ ಲೆಕ್ಕದಲ್ಲಿ ತೆಂಗಿನಕಾಯಿ ಎಣಿಸುತ್ತಿದ್ದ ಅಜ್ಜಿಯನ್ನು ನೆನೆಯಿರಿ.

*

ಬರೆದದ್ದನ್ನೆಲ್ಲ ಉಚ್ಚರಿಸುವ ಕನ್ನಡದವನಿಗೆ ಫ್ರೆಂಚಿನ ಮೊದಲ ಪಾಠ: ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಾಗಿಲ್ಲ.

*

ನೀನು–ನೀವು ಬಲ್ಲವನಿಗೆ ಫ್ರೆಂಚಿನ 'ತ್ಯು', 'ವು' ಹೊಸದಲ್ಲ. ಬಾಸಿಗೂ ಹುಡುಗನಿಗೂ ಹತ್ತು ವರ್ಷ ಒಂದೇ 'ಯು' ಬಳಸಿದ ನಾಲಿಗೆಗೆ ಮಾತ್ರ ತಡವರಿಕೆ.

*

ಕನ್ನಡದಲ್ಲಿ ಮೇಜು 'ಅದು', ಫ್ರೆಂಚಿನಲ್ಲಿ 'ಅವಳು'. ಯಾಕೆ ಎಂದು ಕೇಳುವತನಕ ಎಂಜಿನಿಯರ್, ಆಗಲಿ ಎಂದು ಒಪ್ಪಿದ ಮೇಲೆ ವಿದ್ಯಾರ್ಥಿ.

*

ಟೀಮ್ ಲೀಡ್ ಆಗಿದ್ದವನ ಹಣೆಪಟ್ಟಿ ಈಗ ಎ1: ಭಾಷೆ ಕಲಿಕೆಯ ಆರು ಮೆಟ್ಟಿಲಿನಲ್ಲಿ ಎಲ್ಲಕ್ಕಿಂತ ಕೆಳಗಿನದು. 35ರ ವಯಸ್ಸಿನಲ್ಲಿ 'ನನ್ನ ಹೆಸರು, ನನ್ನ ಊರು' ಎಂದು ತೊದಲಲು ಬೆಟ್ಟ ಹತ್ತುವುದಕ್ಕಿಂತ ಹೆಚ್ಚು ದಮ್ಮು ಬೇಕು.

*

ಮೆಟ್ರೊ ಪೀಣ್ಯಕ್ಕೆ ಬಂದದ್ದು 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ. ಒಂದೇ ಊರಿನ ಮೂಲೆಗಳು ಕೂಡಲು ಇಷ್ಟು ವರ್ಷ. ನಾಲಿಗೆ ಇನ್ನೊಂದು ದೇಶಕ್ಕೆ ಕೂಡಲು ಅವಸರವೇಕೆ?

*

ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲೇ ಕಲಿಯಬಹುದಿತ್ತಲ್ಲ? ಕಲಿಯಬಹುದು. ಆದರೆ ತರಗತಿಯಿಂದ ಹೊರಬಿದ್ದರೆ ಕನ್ನಡ, ತಮಿಳು, ಹಿಂದಿ, ಇಂಗ್ಲಿಷು ಕೈಹಿಡಿದುಕೊಳ್ಳುತ್ತವೆ. ಕೈಹಿಡಿಯುವವರು ಇರುವತನಕ ಈಜು ಬರುವುದಿಲ್ಲ.

*

ಹೈದರ್–ಟಿಪ್ಪು ಕಾಲದ ಫ್ರೆಂಚ್ ದಂಡು ಬೀಡುಬಿಟ್ಟದ್ದರಿಂದ ಹಿರೋಡೆಗೆ 'ಫ್ರೆಂಚ್ ರಾಕ್ಸ್' ಎಂಬ ಹೆಸರು ಬಂತು. ಈಗ ಅದು ಪಾಂಡವಪುರ. 1853ರಲ್ಲಿ ಜರ್ಮನಿಯಿಂದ ಬಂದ ಕಿಟ್ಟೆಲ್ ಕನ್ನಡಕ್ಕೆ ಕೂತರು. 1894ರ ಅವರ ನಿಘಂಟನ್ನು ಇವತ್ತೂ ತೆರೆಯುತ್ತೇವೆ. ತಂಗಿದವರ ಹೆಸರು ಉಳಿಯಲಿಲ್ಲ, ಕಲಿತವರ ಕೆಲಸ ಉಳಿಯಿತು.

*

ಪೀಣ್ಯದ ವರ್ಕ್‌ಶಾಪಿಗೆ ಬಿಹಾರದಿಂದ ಬಂದ ಹುಡುಗ ಯಾವ ತರಗತಿಗೂ ಹೋಗುವುದಿಲ್ಲ. ಲೇತಿನ ಮುಂದೆ ನಿಂತು, ಮೇಸ್ತ್ರಿಯ ಬೈಗುಳದಿಂದ ಶುರುಮಾಡಿ, ಒಂದು ದಿನ ಕನ್ನಡದಲ್ಲೇ ಅಡ್ವಾನ್ಸ್ ಕೇಳುತ್ತಾನೆ. ನಮ್ಮದು ಕೋರ್ಸು, ಅವನದು ಪಾಡು.

*

ಬ್ರೆಡ್ಡಿನಂಗಡಿಯಲ್ಲಿ 'ಬೊಂಜೂರ್' ಹೇಳಿ ಫ್ರೆಂಚಿನಲ್ಲಿ ತೊದಲಿದೆ. ಅಂಗಡಿಯವಳು ನಗುತ್ತಾ ಇಂಗ್ಲಿಷಿಗೆ ಹೊರಳಿದಳು. ಉಪಕಾರವೇ, ಆದರೂ ಬಾಗಿಲು ಹಾಕಿದ ಸದ್ದು ಕೇಳಿಸಿತು. ಕನ್ನಡದಲ್ಲಿ ತೊದಲಿದವರಿಗೆಲ್ಲ ವೈಟ್‌ಫೀಲ್ಡಿನಲ್ಲಿ ಹಿಂದಿಯಲ್ಲಿ ಉತ್ತರ ಕೊಟ್ಟು ಎಷ್ಟು ಬಾಗಿಲು ಹಾಕಿದ್ದೆನೋ.

*

ಮರಳಿದ ದಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಡಿಶಾದ ಸೆಕ್ಯೂರಿಟಿ ಹುಡುಗ ಕೇಳಿದ: 'ಸಾರ್, ನೀವು ಎಲ್ಲಿ ಹೋಗಿತ್ತು?' ತಿದ್ದಲಿಲ್ಲ, ಹಿಂದಿಗೆ ಹೊರಳಲೂ ಇಲ್ಲ. ಬಿಡಿಸಿ ಬಿಡಿಸಿ ಹೇಳಿದೆ: 'ಮಾತು ಕಲಿಯೋಕೆ ಹೋಗಿದ್ದೆ.'