ಮುಂದಿನವರಿಗೆ ಉಳಿಸಿದ ಕಬ್ಬಿಣ

ಅಪ್ಪನ ಅಂಬಾಸಿಡರ್ ಕಾರಿನ ಇಂಜಿನ್ ಬಿಚ್ಚಿದ ದಿನ ನಾನೂ ವಾಮದಪದವಿನ ಆ ಗ್ಯಾರೇಜಿನಲ್ಲಿದ್ದೆ. 1972ರ ಗಾಡಿ, ಮಾರ್ಕ್ ಟು. ಅಪ್ಪ ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ನಿಂತೇ ಇತ್ತು. ಹೆಡ್ ತೆಗೆದು, ಪಿಸ್ಟನ್ ತಲೆಯ ಮೇಲಿನ ಮಸಿಯನ್ನು ಪೆಟ್ರೋಲಿನಲ್ಲಿ ಒರೆಸಿದಾಗ ಅಲ್ಲಿ ಕೊರೆದಿದ್ದ ಅಂಕಿಯೊಂದು ಕಾಣಿಸಿತು: 020.

“ಮಾಸ್ಟ್ರೇ, ಇದು ಒಮ್ಮೆ ಬೋರ್ ಆಗಿದೆಯಲ್ಲ. ಅಪ್ಪ ಹೇಳಿರಲಿಲ್ವಾ?” ಎಂದರು ಮೆಕ್ಯಾನಿಕ್.

ಅಪ್ಪ ಹೇಳಿರಲಿಲ್ಲ. ಈ ಇಂಜಿನ್ನನ್ನು ಯಾರೂ ಮುಟ್ಟಿಲ್ಲ ಎಂದೇ ನಾನು ತಿಳಿದಿದ್ದೆ. ಚಿಕ್ಕಂದಿನಲ್ಲಿ ತಿರುವಿನಾಚೆ ಕೇಳಿಸುತ್ತಲೇ ಅಪ್ಪ ಬಂದರೆಂದು ಗುರುತಿಸುತ್ತಿದ್ದ ಆ ಸದ್ದು, ನಾನು ‘ಅಸಲಿ’ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಸದ್ದು, ಒಮ್ಮೆ ರಿಪೇರಿಯಾದ ಇಂಜಿನ್ನಿನದೇ ಆಗಿದ್ದಿರಬಹುದು. ಇನ್ನೊಮ್ಮೆ ರಿಪೇರಿ ಮಾಡಿಸಲು ಹೊರಟವನಿಗೆ ಈಗ ಒಂದು ಪ್ರಶ್ನೆ ಎದುರಾಯಿತು. ನಾನು ಉಳಿಸಲು ಹೊರಟಿರುವುದು ಯಾವುದನ್ನು?

ಇಂಜಿನ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ಪಿಸ್ಟನ್ ಮೇಲೆ ಕೆಳಗೆ ಓಡುವ ಸಿಲಿಂಡರು ಹೊಸದಿರುವಾಗ ಸರಿಯಾಗಿ ದುಂಡಗಿರುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಅದು ಸವೆಯುತ್ತದೆ. ನಮ್ಮ ಪದವುಗಳ ಮುರಕಲ್ಲಿನ ಕೆಂಪು ಧೂಳು ಏರ್ ಫಿಲ್ಟರ್ ದಾಟಿ ಒಳಹೊಕ್ಕರೆ ಉಪ್ಪುಕಾಗದದಂತೆ ತಿಕ್ಕುತ್ತದೆ. ಸವೆತ ಎಲ್ಲೆಡೆ ಒಂದೇ ಸಮನೆ ಇರುವುದಿಲ್ಲ. ರಿಂಗುಗಳು ತಿರುಗಿ ಕೆಳಗಿಳಿಯುವ ಮೇಲ್ಭಾಗದಲ್ಲಿ ಹೆಚ್ಚು. ದುಂಡಗಿದ್ದುದು ಅಂಡಾಕಾರವಾಗುತ್ತದೆ, ಆಯಿಲ್ ಉರಿಯುತ್ತದೆ, ಹೊಗೆ ಬರುತ್ತದೆ. ಸವೆದ ಕಬ್ಬಿಣವನ್ನು ಮತ್ತೆ ತುಂಬಲು ಬರುವುದಿಲ್ಲ. ಸವೆಯದೆ ಉಳಿದದ್ದನ್ನೂ ಸವೆದ ಮಟ್ಟಕ್ಕೆ ಕೊರೆದು, ರಂಧ್ರವನ್ನು ಮತ್ತೆ ದುಂಡಗೆ ಮಾಡಿ, ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು. 020 ಎಂದರೆ ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ, ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಮುಂದಿನ ಮೆಟ್ಟಿಲು 040, ಅದರಾಚೆ 060. ಅಲ್ಲಿಗೆ ಬ್ಲಾಕಿನ ಗೋಡೆ ತಡೆದುಕೊಳ್ಳುವ ಮಿತಿ ಹತ್ತಿರವಾಗುತ್ತದೆ.

ಅಂದರೆ ಇಂಜಿನ್ನನ್ನು ಉಳಿಸುವ ಪ್ರತಿ ಕೆಲಸವೂ ಇಂಜಿನ್ನಿನಲ್ಲಿ ಸ್ವಲ್ಪವನ್ನು ಕಳೆಯುತ್ತದೆ.

ಆರ್‌ಸಿ ಪುಸ್ತಕದಲ್ಲಿ ಈ ಕಾರು 1489 ಸಿಸಿ. ಲೆಕ್ಕ ಹಾಕಿ ನೋಡಿದೆ. 020 ಬೋರ್ ಆದಾಗಲೇ ಅದು 1510 ಆಗಿತ್ತು. 040ಕ್ಕೆ ಹೋದರೆ 1531 ಆಗುತ್ತದೆ. ಕಾಗದದಲ್ಲಿರುವ ಇಂಜಿನ್ ಬಹಳ ಹಿಂದೆಯೇ ಇಲ್ಲವಾಗಿದೆ.

ಈ ಒಗಟು ಹಳೆಯದು. ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಅವನು ಏರಿ ಬಂದ ರಥದ ಬಗ್ಗೆ ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ, ಇವೆಲ್ಲ ಕೂಡಿರುವಾಗ ನಾವು ಬಳಸುವ ಹೆಸರು ರಥ. ಆದರೆ ನಾಗಸೇನನ ಉತ್ತರದಿಂದ ಗ್ಯಾರೇಜಿನಲ್ಲಿ ನಿಂತವನ ಕಷ್ಟ ತೀರುವುದಿಲ್ಲ. ರಥ ಬರಿಯ ಹೆಸರೆಂದು ಒಪ್ಪಿದರೂ, ಯಾವ ಭಾಗವನ್ನು ಎಷ್ಟು ಕೊರೆಯಬೇಕೆಂದು ನಾಳೆ ಬೆಳಿಗ್ಗೆ ಲೇತಿನವನಿಗೆ ಹೇಳಲೇಬೇಕು.

ಸರಕಾರಕ್ಕೂ ಈ ಪ್ರಶ್ನೆ ಎದುರಾಗಿದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಇಲಾಖೆ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಕಾಪಾಡಿಕೊಂಡು ಬಂದ, ದೊಡ್ಡ ಮಾರ್ಪಾಡಿಗೆ ಒಳಗಾಗದ ದ್ವಿಚಕ್ರ, ಚತುಶ್ಚಕ್ರ ವಾಹನಗಳು ವಿಂಟೇಜ್. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಐವತ್ತು ವರ್ಷ ದುಡಿದ ಇಂಜಿನ್ ಬಿಚ್ಚದೆ ಉಳಿದಿರುವುದು ಅಪರೂಪ. ರಿಪೇರಿಗೂ ಮಾರ್ಪಾಡಿಗೂ ನಡುವಿನ ಗೆರೆಯನ್ನು ಎಲ್ಲಿ ಎಳೆಯುವುದು ಎಂಬುದು ಕಾನೂನಿನಲ್ಲೂ ಸುಲಭವಲ್ಲ.

ನಮ್ಮೂರ ಕಡೆ ಇದಕ್ಕೆ ಹತ್ತಿರದ ಮಾತು ಜೀರ್ಣೋದ್ಧಾರ. ದೇವಸ್ಥಾನ ಬಿಚ್ಚುವ ಮೊದಲು ದೇವರ ಕಲೆಯನ್ನು ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿಡುತ್ತಾರೆ. ಗೋಡೆ, ಮಾಡು ಎಲ್ಲ ಹೊಸದಾದ ಮೇಲೆ ಬ್ರಹ್ಮಕಲಶ ನಡೆಯುತ್ತದೆ. ದೇವರು ಅದೇ ದೇವರು. ಇಂಜಿನ್ನಿಗೆ ಬಾಲಾಲಯವಿಲ್ಲ. ಹಳೆಯದರ ಜೀವವನ್ನು ಬೇರೆಡೆ ಕಾಪಿಟ್ಟು ಬೀಡುಕಬ್ಬಿಣವನ್ನು ಪೂರ್ತಿ ಬದಲಿಸುವ ಅನುಕೂಲ ಅಲ್ಲಿಲ್ಲ. ಇರುವುದು ಆ ಕಬ್ಬಿಣವೊಂದೇ.

ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, 040 ಬೋರ್. ಇನ್ನೊಂದು, ಲೈನರ್: ಸಿಲಿಂಡರಿನಿಂದ ಇನ್ನೂ ದಪ್ಪ ಪದರವನ್ನು ಕೊರೆದು ತೆಗೆದು, ಒಳಗೆ ಹೊಸ ಕೊಳವೆ ಬಡಿದು ಕೂರಿಸಿ, ಹಳೆಯ ಅಳತೆಗೇ ವಾಪಸು ಬರುವುದು. ಆಗ ಆರ್‌ಸಿಯಲ್ಲಿರುವ 1489 ಮತ್ತೆ ನಿಜವಾಗುತ್ತದೆ. ನನಗೆ ಲೈನರೇ ಇಷ್ಟವಾಯಿತು. ಕಾರ್ಖಾನೆಯಿಂದ ಬಂದ ಹಾಗೆಯೇ ಇರುತ್ತದಲ್ಲ ಎಂದೆ.

ಮೆಕ್ಯಾನಿಕ್ ತುಳುವಿನಲ್ಲಿ ಹೇಳಿದ್ದರ ಸಾರ ಇಷ್ಟು: “ಅಳತೆ ವಾಪಸು ಬರ್ತದೆ ಮಾಸ್ಟ್ರೇ, ಕಬ್ಬಿಣ ಬರುವುದಿಲ್ಲ. ಲೈನರ್ ನಾಳೆಯೂ ಹಾಕಬಹುದು. ಕೊರೆದು ತೆಗೆದದ್ದನ್ನು ಪುನಃ ಹಚ್ಚಲಿಕ್ಕೆ ಆಗ್ತದಾ?”

ನಾನು ಇದುವರೆಗೆ ಪ್ರಶ್ನೆಯನ್ನೇ ತಪ್ಪಾಗಿ ಕೇಳುತ್ತಿದ್ದೆ ಎಂದು ಆಗ ಅನ್ನಿಸಿತು. ‘ಅಸಲಿ ಯಾವುದು’ ಎಂಬ ಪ್ರಶ್ನೆ ಹಿಂದಕ್ಕೆ ನೋಡುತ್ತದೆ. ಹಿಂದೆ ಹೋದಷ್ಟೂ ಇನ್ನೊಂದು ರಿಪೇರಿ ಸಿಗುತ್ತದೆ. ಮೆಕ್ಯಾನಿಕ್ ಮುಂದಕ್ಕೆ ನೋಡುತ್ತಿದ್ದರು: ಈ ಕೆಲಸದ ನಂತರ ಇನ್ನೊಬ್ಬ ಇದನ್ನು ಬಿಚ್ಚಿದಾಗ ಅವನಿಗೆ ಎಷ್ಟು ದಾರಿಗಳು ಉಳಿದಿರುತ್ತವೆ? ಸವೆತ 040ರಲ್ಲಿ ಹೋಗುವುದಾದರೆ 060ಕ್ಕೆ ಕೈಹಾಕಬಾರದು, ಲೈನರಿಗಂತೂ ಈಗಲೇ ಕೈಹಾಕಬಾರದು. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಕೂಡ ಇದಕ್ಕೆ ಹತ್ತಿರದ್ದನ್ನು ಹೇಳುತ್ತದೆ: ಊಹೆ ಶುರುವಾಗುವ ಕಡೆ ಕೈ ನಿಲ್ಲಿಸಬೇಕು, ಹೊಸದಾಗಿ ಸೇರಿಸಿದ್ದು ಹೊಸದೆಂದು ತಿಳಿಯುವಂತಿರಬೇಕು.

ಹಾಗಾದರೆ ಮುಟ್ಟದೇ ಇಡುವುದೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಬೆಳ್ತಂಗಡಿ ದಾರಿಯಾಗಿ ಧರ್ಮಸ್ಥಳಕ್ಕೆ ಹೋದರೆ ಅಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. ಒಂದು ಕಾಲದ ತಯಾರಿ ಹೇಗಿತ್ತೆಂದು ಮಕ್ಕಳಿಗೆ ತೋರಿಸಲು ಅಂಥ ಜಾಗ ಬೇಕು. ಆದರೆ ನಿಲ್ಲಿಸಿದ ಮಾತ್ರಕ್ಕೆ ಕಾರು ಉಳಿಯುವುದಿಲ್ಲ. ಕರಾವಳಿಯ ತೇವಕ್ಕೆ ರಿಂಗುಗಳು ಸಿಲಿಂಡರಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ನಮ್ಮ ಶೆಡ್ಡಿನಲ್ಲಿ ಆದದ್ದು ಅದೇ. ಓಡಿದರೆ ಸವೆತ, ನಿಂತರೆ ತುಕ್ಕು. ಕಳೆಯದೆ ಉಳಿಸುವ ದಾರಿ ಇಲ್ಲದಿದ್ದಾಗ ಎಷ್ಟು ಕಳೆಯುತ್ತೇವೆ, ಯಾತಕ್ಕಾಗಿ ಕಳೆಯುತ್ತೇವೆ ಎಂಬುದಕ್ಕೆ ಉತ್ತರ ಕೊಡುವುದಷ್ಟೇ ನಮ್ಮ ಕೈಯಲ್ಲಿರುವುದು.

ಇನ್ನೊಂದು ಆಕ್ಷೇಪವೂ ಇದೆ. ಮುಂದಿನವನು ಯಾರು? ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಬಿಡಿಭಾಗ ಸಿಗುವುದು ಕಷ್ಟವಾಗುತ್ತಿದೆ, ನನ್ನ ಮಗಳಿಗೆ ಇದನ್ನು ಓಡಿಸುವ ಮನಸ್ಸಿಲ್ಲ. ಬರುವನೋ ಇಲ್ಲವೋ ಗೊತ್ತಿಲ್ಲದವನಿಗಾಗಿ ಯಾಕೆ ಉಳಿಸಬೇಕು? ಇದಕ್ಕೆ ನನ್ನಲ್ಲಿ ಒಂದೇ ಉತ್ತರವಿದೆ. ಹಿಂದೊಮ್ಮೆ ಯಾವುದೋ ಗ್ಯಾರೇಜಿನಲ್ಲಿ ಯಾರೋ ಒಬ್ಬರು 040ಕ್ಕೋ 060ಕ್ಕೋ ಹೋಗದೆ 020ಕ್ಕೆ ಕೈ ನಿಲ್ಲಿಸಿದ್ದರು. ಅವರಿಗೂ ನನ್ನ ಪರಿಚಯವಿರಲಿಲ್ಲ. ಅವರು ಬಿಟ್ಟುಹೋದ ಕಬ್ಬಿಣದಲ್ಲಿ ಈಗ ನನ್ನ ಕೆಲಸ ನಡೆಯುತ್ತಿದೆ.

ಬೋರ್ ಆಗಿ ಬಂದ ಬ್ಲಾಕನ್ನು ಜೋಡಿಸುವಾಗ ನೋಡಿದೆ. ಬೇರಿಂಗ್ ಕ್ಯಾಪುಗಳು ಅದಲುಬದಲಾಗದಂತೆ ಹಳೆಯ ಮೆಕ್ಯಾನಿಕ್ ಪಂಚಿನಿಂದ ಒಂದು, ಎರಡು, ಮೂರು ಎಂದು ಚುಕ್ಕೆ ಹೊಡೆದಿದ್ದರು. ನಮ್ಮ ಮೆಕ್ಯಾನಿಕ್ ಹೊಸ ಚುಕ್ಕೆ ಹೊಡೆಯಲಿಲ್ಲ, ಅದೇ ಗುರುತು ನೋಡಿ ಕೂರಿಸಿದರು. ಹೊಸ ಪಿಸ್ಟನ್‌ಗಳ ತಲೆಯ ಮೇಲೆ 040 ಎಂದಿತ್ತು. ಹೆಡ್ ಮುಚ್ಚುವ ಮೊದಲು ಅದನ್ನೊಮ್ಮೆ ಬಟ್ಟೆಯಿಂದ ಒರೆಸಿದೆ. ಇನ್ನು ಅದು ಯಾರಿಗೂ ಕಾಣುವುದಿಲ್ಲ, ಮತ್ತೆ ಯಾರಾದರೂ ಬಿಚ್ಚುವವರೆಗೆ.